ಐದು ಸಲ ಸರಿ ಬಂದ್ರೆ ಆರನೇದೂ ಸರಿನಾ?

ಮೊದಲ ವರ್ಷದ ಸಿ ಲ್ಯಾಬ್. ಸಿಲಬಸ್‌ನಲ್ಲಿದ್ದ ಪ್ರೋಗ್ರಾಮ್‌ಗಳೆಲ್ಲ ಮುಗಿದ ಮೇಲೆ "ನಿಮಗಿಷ್ಟ ಬಂದದ್ದು ಒಂದು ನೀವೇ ಬರ್ಕೊಂಡು ಬನ್ನಿ" ಅಂದ್ರು. ನಾನು ಎಲ್ಲೋ ಓದಿದ್ದ ಫರ್ಮಾ ಸಂಖ್ಯೆಗಳನ್ನು ಹಿಡ್ಕೊಂಡೆ. ಅದನ್ನು ಮಾಡೋದು ತುಂಬಾ ಸುಲಭ. 3ರಿಂದ ಶುರು ಮಾಡಿ. ಅದರಲ್ಲಿ ಒಂದು ಕಳೆದು, ಉಳಿದದ್ದರ ವರ್ಗ ಮಾಡಿ, ಒಂದು ಕೂಡಿಸಿ. 5 ಬರುತ್ತೆ. 5ಕ್ಕೂ ಅದನ್ನೇ ಮಾಡಿದರೆ 17. ಆಮೇಲೆ 257. ಆಮೇಲೆ 65537. ಆರನೇದು 65536ರ ವರ್ಗಕ್ಕೆ ಒಂದು ಕೂಡಿಸಿದ್ದು, ಅಂದ್ರೆ 2³² + 1. ಬಿಡಿಸಿ ಬರೆದರೆ 4294967297.

ಮೊದಲ ಐದೂ ಅವಿಭಾಜ್ಯ ಸಂಖ್ಯೆಗಳು. ಹೀಗೆ ಮಾಡ್ತಾ ಹೋದರೆ ಬರೋದೆಲ್ಲ ಅವಿಭಾಜ್ಯವೇ ಅಂತ ಪಿಯರ್ ದ ಫರ್ಮಾ ನಂಬಿದ್ದ. ನನ್ನ ಪ್ರೋಗ್ರಾಮ್ ಮೊದಲ ಆರನ್ನು ಪರೀಕ್ಷೆ ಮಾಡಿ, ಪ್ರತಿಯೊಂದರ ಮುಂದೆ 'ಪ್ರೈಮ್' ಅಥವಾ 'ಪ್ರೈಮ್ ಅಲ್ಲ' ಅಂತ ತೋರಿಸಬೇಕಿತ್ತು. ರನ್ ಮಾಡಿದೆ. ಆರು ಸಾಲಿನಲ್ಲೂ 'ಪ್ರೈಮ್' ಬಂತು. "ಔಟ್‌ಪುಟ್ ಬಂತಾ?" ಅಂತ ಕೇಳಿದ್ರು, "ಬಂತು ಸರ್" ಅಂದೆ. ರೆಕಾರ್ಡ್‌ಗೆ ಸಹಿ ಬಿತ್ತು. ಹತ್ತಕ್ಕೆ ಹತ್ತು.

ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಇದನ್ನು ಜಂಬದಿಂದ ರೂಮ್‌ಮೇಟ್‌ಗೆ ತೋರಿಸಿದೆ. ಅವನು ಧಾರವಾಡದ ಕಡೆಯವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಸುಮ್ಮನೆ ನೋಡಿ ಒಂದೇ ಪ್ರಶ್ನೆ ಕೇಳಿದ. "ಲೇ, ಆರನೇ ಸಂಖ್ಯಾ ಎಷ್ಟ ಬಂತು ನೋಡಿಯೇನು?"

"ಪ್ರೈಮ್ ಅಂತ ಬಂತಲ್ಲ."

"ಅದಾತು. ಸಂಖ್ಯಾ ಎಷ್ಟು?"

ನೋಡಿರಲಿಲ್ಲ. ಒಂದು ಪ್ರಿಂಟ್ ಸಾಲು ಸೇರಿಸಿ ಮತ್ತೆ ರನ್ ಮಾಡಿದೆ. 3, 5, 17, 257, 65537, 1.

ಅವನು ನಕ್ಕಿದ್ದು ಪಕ್ಕದ ರೂಮಿಗೂ ಕೇಳಿಸಿರಬೇಕು. "ಒಂದು ಯಾವಾಗಿಂದ ಪ್ರೈಮ್ ಆತಲೇ?"

ಆಗಿದ್ದು ಇಷ್ಟೇ. ನಾನು ಇಟ್ಟಿದ್ದ ವೇರಿಯಬಲ್ 32 ಬಿಟ್‌ನ ಅನ್‌ಸೈನ್ಡ್ ಇಂಟ್. ಅದರಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆ 4294967295. ನಮ್ಮ ಸಂಖ್ಯೆ ಅದಕ್ಕಿಂತ ಬರೀ ಎರಡು ಜಾಸ್ತಿ. ಗಡಿಯಾರ ಹನ್ನೆರಡು ದಾಟಿ ಒಂದಕ್ಕೆ ಬಂದ ಹಾಗೆ ಅದು ಸುತ್ತಿ ಬಂದು 1 ಆಯ್ತು. ಇದು ಮೊದಲ ತಪ್ಪು. ಎರಡನೇದು ನನ್ನ ಅವಿಭಾಜ್ಯ ಪರೀಕ್ಷೆಯದು. ಲೂಪ್ 2ರಿಂದ ವರ್ಗಮೂಲದವರೆಗೆ ಓಡಿ, ಭಾಗಿಸೋ ಸಂಖ್ಯೆ ಸಿಗದಿದ್ದರೆ 'ಪ್ರೈಮ್' ಅಂತ ಹೇಳೋದು. 1 ಬಂದಾಗ ಲೂಪ್ ಒಂದು ಸಲವೂ ಓಡಲ್ಲ, ಹಾಗಾಗಿ 'ಪ್ರೈಮ್'. ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂತು ಎರಡೂ ಮುಚ್ಚಿಹೋದವು. ನನ್ನ ಕಂಪ್ಯೂಟರ್ ಫರ್ಮಾನ ಮಾತೇ ಸರಿ ಅಂದಿತ್ತು. ನನಗೆ ಹತ್ತು ಮಾರ್ಕ್ಸೂ ಬಂದಿತ್ತು.

ನಿಜ ಏನು ಅಂದ್ರೆ, 4294967297 ಅವಿಭಾಜ್ಯ ಅಲ್ಲ. 641 × 6700417. ನಿಮ್ಮ ಫೋನಿನಲ್ಲೇ ಗುಣಿಸಿ ನೋಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನಾವು 'ಔಟ್‌ಪುಟ್ ಬಂತಾ' ಅನ್ನೋ ಪ್ರಶ್ನೆಗೆ ಉತ್ತರ ಕೊಡೋದನ್ನು ಚೆನ್ನಾಗಿ ಕಲಿತಿದ್ದೀವಿ. 'ಯಾಕೆ ಬಂತು' ಅನ್ನೋದಕ್ಕೆ ಉತ್ತರ ಕೊಡೋದನ್ನು ಕಲಿತಿಲ್ಲ. ಪ್ಲೇಸ್‌ಮೆಂಟ್ ಟೆಸ್ಟ್‌ನಲ್ಲಿ ಐದು ಸ್ಯಾಂಪಲ್ ಕೇಸ್ ಪಾಸಾದ ತಕ್ಷಣ ಸಬ್ಮಿಟ್ ಒತ್ತುತ್ತೀವಿ, ಆರನೇದರಲ್ಲಿ ಬೀಳ್ತೀವಿ. ಈ ಹತ್ತಂಕಿಯ ಸಂಖ್ಯೆಯ ಕಥೆ ಕೂಡ ಅದೇ. ಅದಕ್ಕೇ ಇದನ್ನು ಪ್ರತಿಯೊಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಒಂದು ಸಲ ಕೈಯಾರೆ ಬಿಡಿಸಿ ನೋಡಬೇಕು ಅಂತೀನಿ.

ಫರ್ಮಾ ಸಾಮಾನ್ಯ ಮನುಷ್ಯ ಅಲ್ಲ. ಫ್ರಾನ್ಸಿನ ತುಲೂಸ್‌ನಲ್ಲಿ ನ್ಯಾಯಾಂಗದ ಕೆಲಸ ಮಾಡ್ತಾ, ಬಿಡುವಿನಲ್ಲಿ ಗಣಿತ ಮಾಡಿದವನು. 1640ರಲ್ಲಿ ಸ್ನೇಹಿತರಿಗೆ ಬರೆದ ಪತ್ರಗಳಲ್ಲಿ ಈ ಊಹೆ ಇದೆ. ಸಾಧನೆ ತನ್ನ ಹತ್ತಿರ ಇಲ್ಲ ಅಂತಲೂ ಅವನು ಒಪ್ಕೊಂಡಿದ್ದ. ಆದರೂ ಊಹೆ ಸರಿ ಅನ್ನೋ ನಂಬಿಕೆ ಬಿಡಲಿಲ್ಲ. 1729ರಲ್ಲಿ ಗೋಲ್ಡ್‌ಬಾಕ್ ಒಂದು ಪತ್ರದ ಕೊನೆಯಲ್ಲಿ ಇದನ್ನು ಲಿಯೊನಾರ್ಡ್ ಆಯ್ಲರ್‌ಗೆ ಕೇಳಿದ. ಆಯ್ಲರ್ ಆಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಹುಡುಗ. 1732ರಲ್ಲಿ, ಅಂದ್ರೆ 25ನೇ ವಯಸ್ಸಿನಲ್ಲಿ, ನಮ್ಮ ಎಂಟೆಕ್ ಸೀನಿಯರ್‌ಗಳ ವಯಸ್ಸಿನಲ್ಲಿ, 641 ಭಾಗಿಸುತ್ತೆ ಅಂತ ತೋರಿಸಿದ.

1640ರಿಂದ 1732. ತೊಂಬತ್ತೆರಡು ವರ್ಷ. ಈಗ ಇನ್ನೊಂದು ಲೆಕ್ಕ ನೋಡಿ. ಅವಿಭಾಜ್ಯಗಳ ಪಟ್ಟಿಯಲ್ಲಿ 641 ಎಷ್ಟನೇದು? 116ನೇದು. ಏನೂ ಬುದ್ಧಿ ಉಪಯೋಗಿಸದೆ 2, 3, 5, 7 ಅಂತ ಒಂದೊಂದಾಗಿ ಭಾಗಿಸ್ತಾ ಹೋಗಿದ್ದರೂ 116ನೇ ಭಾಗಾಕಾರಕ್ಕೆ ಸಿಗ್ತಿತ್ತು. ಪೆನ್ನು ಕಾಗದ ಹಿಡಿದು ಕೂತರೆ ಎರಡು ಮೂರು ಸಂಜೆಯ ಕೆಲಸ. ಮೊದಲ ಐದು ಸರಿ ಇದ್ದವಲ್ಲ, ಆರನೇದು ತಪ್ಪು ಅಂತ ಅಷ್ಟು ವರ್ಷ ಯಾರೂ ತೋರಿಸಲಿಲ್ಲ.

ಆಯ್ಲರ್ 116 ಸಲ ಭಾಗಿಸಬೇಕಾಗಿರಲಿಲ್ಲ. ಅವನು ಮುಂದೆ ಬರೆದ ಲೇಖನದಲ್ಲಿ ಕಾರಣವನ್ನೂ ಸಾಧಿಸಿ ತೋರಿಸಿದ: ಈ ಸಂಖ್ಯೆಯನ್ನು ಯಾವುದಾದರೂ ಅವಿಭಾಜ್ಯ ಸಂಖ್ಯೆ ಭಾಗಿಸೋದಾದರೆ, ಅದು 64ರ ಅಪವರ್ತ್ಯಕ್ಕೆ ಒಂದು ಕೂಡಿಸಿದ್ದೇ ಆಗಿರಬೇಕು. ಯಾಕೆ? ರೂಮ್‌ಮೇಟ್ ನನ್ನ ರೆಕಾರ್ಡ್‌ನ ಹಿಂದಿನ ಪುಟದಲ್ಲಿ ಬರೆದು ವಿವರಿಸಿದ್ದು ಹೀಗೆ.

ಒಂದು ಅವಿಭಾಜ್ಯ ಸಂಖ್ಯೆ 2³² + 1ನ್ನು ಭಾಗಿಸುತ್ತೆ ಅಂತ ಇಟ್ಕೊಳ್ಳಿ. ಆಗ 2³²ನ್ನು ಅದರಿಂದ ಭಾಗಿಸಿದರೆ ಶೇಷ −1, ಅಂದ್ರೆ ಪೂರ್ತಿ ಭಾಗವಾಗೋದಕ್ಕೆ ಒಂದು ಕಮ್ಮಿ. ವರ್ಗ ಮಾಡಿದರೆ 2⁶⁴ಕ್ಕೆ ಶೇಷ 1. ಈಗ 2ರ ಘಾತಗಳನ್ನು ಒಂದೊಂದಾಗಿ ತಗೊಂಡು ಶೇಷ ಬರ್ಕೊಳ್ತಾ ಹೋಗಿ. ಅವು ಚಕ್ರದ ಹಾಗೆ ಸುತ್ತುತ್ತವೆ, ಒಂದು ಸುತ್ತಿಗೆ ಸರಿಯಾಗಿ 64 ಹೆಜ್ಜೆ. ಸುತ್ತು ಅದಕ್ಕಿಂತ ಚಿಕ್ಕದಾಗಿದ್ದರೆ 32ನೇ ಹೆಜ್ಜೆಯಲ್ಲೇ ಶೇಷ 1 ಬರಬೇಕಿತ್ತು. ಆದರೆ ಅಲ್ಲಿ ಬಂದಿರೋದು −1. ಇನ್ನೊಂದು ಕಡೆಯಿಂದ, ಯಾವ ಬೆಸ ಅವಿಭಾಜ್ಯ ತಗೊಂಡರೂ, ಅದರಲ್ಲಿ ಒಂದು ಕಳೆದಷ್ಟು ಹೆಜ್ಜೆ ಹಾಕಿದರೆ ಶೇಷ 1 ಬಂದೇ ಬರುತ್ತೆ. ಇದು ಇನ್ನೊಂದು ಪ್ರಸಿದ್ಧ ಪ್ರಮೇಯ. ಹಾಗಾದರೆ ಅಷ್ಟು ಹೆಜ್ಜೆಯಲ್ಲಿ 64ರ ಪೂರ್ತಿ ಸುತ್ತುಗಳೇ ಇರಬೇಕು. ಅಂದ್ರೆ ಆ ಅವಿಭಾಜ್ಯದಲ್ಲಿ ಒಂದು ಕಳೆದರೆ 64ರಿಂದ ಭಾಗವಾಗಬೇಕು. ಮುಗೀತು.

ಇನ್ನು ಹುಡುಕೋದು ಎಷ್ಟು? 65, 129, 193, 257, 321, 385, 449, 513, 577, 641. ಇದರಲ್ಲಿ ಅವಿಭಾಜ್ಯಗಳು 193, 257, 449, 577, 641 ಮಾತ್ರ. ಐದನೇ ಭಾಗಾಕಾರಕ್ಕೆ ಉತ್ತರ. 116 ಇದ್ದದ್ದು 5 ಆಯ್ತು.

ನನಗೆ ತುಂಬಾ ಕಾಡಿದ ಸಂಗತಿ ಬೇರೆ. ಆ 'ಇನ್ನೊಂದು ಪ್ರಸಿದ್ಧ ಪ್ರಮೇಯ' ಯಾರದ್ದು? ಫರ್ಮಾನದ್ದೇ. ಅದನ್ನೂ ಅವನು ಬರೆದದ್ದು ಅದೇ 1640ರಲ್ಲಿ. ಇದೇ ರೀತಿಯ ಯೋಚನೆಯಿಂದ ಅದೇ ವರ್ಷ 2³⁷ − 1ನ್ನು 223 ಭಾಗಿಸುತ್ತೆ ಅಂತ ಅವನು ಕಂಡುಹಿಡಿದಿದ್ದ. ಉಪಕರಣ ಅವನ ಕೈಯಲ್ಲೇ ಇತ್ತು. ತನಗೆ ಇಷ್ಟವಾದ ಊಹೆಯ ಮೇಲೆ ಅದನ್ನು ಸರಿಯಾಗಿ ಪ್ರಯೋಗ ಮಾಡಿದ್ದರೆ ಸಿಕ್ಕಿಬಿಡ್ತಿತ್ತು. ಬೇರೆಯವರ ಕೋಡ್‌ನಲ್ಲಿ ಬಗ್ ಹುಡುಕೋ ನಾವು ನಮ್ಮ ಕೋಡ್‌ಗೆ ಮಾತ್ರ ಸುಲಭದ ಇನ್‌ಪುಟ್ ಕೊಡ್ತೀವಲ್ಲ, ಹಾಗೆ.

5ಕ್ಕೇ ನಿಲ್ಲಬೇಕಾಗಿಲ್ಲ. 1878ರಲ್ಲಿ ಫ್ರಾನ್ಸಿನ ಲ್ಯೂಕಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 64 ಅಲ್ಲ, 128ರ ಅಪವರ್ತ್ಯಕ್ಕೆ ಒಂದು ಕೂಡಿಸಿದ್ದೇ ಆಗಬೇಕು ಅಂತ ಸಾಧಿಸಿದ. ಈಗ ಪಟ್ಟಿ 129, 257, 385, 513, 641. ಅವಿಭಾಜ್ಯಗಳು ಎರಡೇ, 257 ಮತ್ತು 641. ಆ 257ನ್ನೂ ತೆಗೆದುಹಾಕಬಹುದು, ಅದಕ್ಕೆ ನಮ್ಮ ಸಿಎಸ್, ಇಸಿ ಹುಡುಗರಿಗೆಲ್ಲ ಗೊತ್ತಿರೋ ಸಂಖ್ಯೆಗಳೇ ಸಾಕು.

ಫರ್ಮಾನ ಐದು ಸಂಖ್ಯೆಗಳನ್ನು ಒಂದೊಂದಾಗಿ ಗುಣಿಸ್ತಾ ಬನ್ನಿ. 3 × 5 = 15. ಅದನ್ನು 17ರಿಂದ ಗುಣಿಸಿದರೆ 255. ಅದನ್ನು 257ರಿಂದ ಗುಣಿಸಿದರೆ 65535. ಅದನ್ನು 65537ರಿಂದ ಗುಣಿಸಿದರೆ 4294967295. ಎಲ್ಲೋ ನೋಡಿದ ಹಾಗಿದೆಯಾ? 4 ಬಿಟ್, 8 ಬಿಟ್, 16 ಬಿಟ್, 32 ಬಿಟ್‌ನಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆಗಳು! ನಾವು ದಿನಾ ಬಳಸೋ ಅನ್‌ಸೈನ್ಡ್ ಇಂಟ್‌ನ ಮಿತಿಯೇ ಫರ್ಮಾನ ಐದು ಅವಿಭಾಜ್ಯಗಳ ಗುಣಲಬ್ಧ. ಅದಕ್ಕೆ 2 ಕೂಡಿಸಿದರೆ ನಮ್ಮ 4294967297. ಹಾಗಾಗಿ 257 ಎರಡನ್ನೂ ಭಾಗಿಸೋದಾದರೆ ಅವುಗಳ ವ್ಯತ್ಯಾಸವಾದ 2ನ್ನೂ ಭಾಗಿಸಬೇಕು. ಆಗಲ್ಲ. 257 ಔಟ್.

ಉಳಿದದ್ದು 641 ಒಂದೇ. ಮೊದಲ ಪ್ರಯತ್ನಕ್ಕೇ ಉತ್ತರ. 116, ಆಮೇಲೆ 5, ಆಮೇಲೆ 1. ಇದು ನನ್ನ ಮಟ್ಟಿಗೆ ಗಣಿತದ ಬಗ್ಗೆ ಇರೋ ಅತಿ ಒಳ್ಳೆ ಜಾಹೀರಾತು. 'ಥಿಯರಿ ಯಾಕೆ ಬೇಕು' ಅಂತ ಕೇಳೋರಿಗೆ ಈ ಮೂರು ಸಂಖ್ಯೆ ತೋರಿಸಿ ಸಾಕು. ಕಾರಣ ಗೊತ್ತಿದ್ದರೆ ಕೆಲಸ ಕಮ್ಮಿ.

ಇನ್ನೂ ಚಂದ ಅಂದ್ರೆ, 641 ಸಿಕ್ಕಿದ ಮೇಲೆ ಅದು ಭಾಗಿಸುತ್ತೆ ಅಂತ ತೋರಿಸೋಕೆ ದೊಡ್ಡ ಸಂಖ್ಯೆಯನ್ನು ಮುಟ್ಟಲೇಬೇಕಾಗಿಲ್ಲ. 641ನ್ನು ಎರಡು ರೀತಿ ಬರೀಬಹುದು. 5 × 128 + 1, ಅಂದ್ರೆ 5 × 2⁷ + 1. ಮತ್ತೆ 625 + 16, ಅಂದ್ರೆ 5⁴ + 2⁴. ಮೊದಲನೆಯದರಿಂದ, 5 × 2⁷ನ್ನು 641ರಿಂದ ಭಾಗಿಸಿದರೆ ಶೇಷ −1. ನಾಲ್ಕನೇ ಘಾತಕ್ಕೆ ಏರಿಸಿದರೆ, 5⁴ × 2²⁸ಕ್ಕೆ ಶೇಷ 1. ಎರಡನೆಯದರಿಂದ, 5⁴ ಇದ್ದ ಕಡೆ −2⁴ ಹಾಕಬಹುದು, ಶೇಷ ಬದಲಾಗಲ್ಲ. ಹಾಕಿದರೆ −2³²ಕ್ಕೆ ಶೇಷ 1. ಅಂದ್ರೆ 2³² + 1ಕ್ಕೆ ಶೇಷ ಸೊನ್ನೆ. ಕ್ಯಾಲ್ಕುಲೇಟರ್ ಬೇಡ, ಓವರ್‌ಫ್ಲೋ ಇಲ್ಲ. ಬಸ್ಸಿನಲ್ಲಿ ನಿಂತ್ಕೊಂಡೇ ಮಾಡಬಹುದು.

ಉಳಿದ ತುಂಡು 6700417ರ ಕಥೆ? ಅದೇ ನಿಯಮ ಅದಕ್ಕೂ ಅನ್ವಯ. ಅದರ ವರ್ಗಮೂಲ 2588ರ ಹತ್ತಿರ. ಅಷ್ಟರೊಳಗೆ 128ರ ಅಪವರ್ತ್ಯಕ್ಕೆ ಒಂದು ಕೂಡಿಸಿದ ಅವಿಭಾಜ್ಯಗಳು, 257 ಬಿಟ್ಟರೆ, 641, 769, 1153, 1409 ನಾಲ್ಕೇ. ಯಾವುದೂ ಭಾಗಿಸಲ್ಲ. ಹಾಗಾಗಿ 6700417 ಅವಿಭಾಜ್ಯ. ನಾಲ್ಕು ಭಾಗಾಕಾರಕ್ಕೆ ಎಪ್ಪತ್ತು ಲಕ್ಷದ ಹತ್ತಿರದ ಸಂಖ್ಯೆಯೊಂದರ ತೀರ್ಪು ಮುಗೀತು.

ಇಷ್ಟು ಓದಿದ ಮೇಲೆ ಕೆಲವರು ಹೇಳ್ತೀರ: "ನಾವು ಇಂಜಿನಿಯರ್‌ಗಳು ಕಣಯ್ಯಾ, ಗಣಿತಜ್ಞರಲ್ಲ. ಕಂಪ್ಯೂಟರ್‌ಗೆ 116 ಭಾಗಾಕಾರ ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ." ನಿಜ. ಈ ಸಂಖ್ಯೆಗೆ ಅದು ಸರಿ. ಆದರೆ ಸಾಲಿನಲ್ಲಿ ಮುಂದಿನದಕ್ಕೆ 20 ಅಂಕಿ. ಅದರ ಅತಿ ಚಿಕ್ಕ ಅಪವರ್ತನ 274177. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, 1880ರಲ್ಲಿ, ಲಾಂಡ್ರಿ ಅನ್ನೋ ವಯಸ್ಸಾದ ಗಣಿತಜ್ಞ ಅದನ್ನು ಬಿಡಿಸಿದ. 39 ಅಂಕಿಯ ಅದರ ಮುಂದಿನದು ಪೂರ್ತಿ ಬಿಡಿಸಿಕೊಂಡದ್ದು 1970ರಲ್ಲಿ, ಕಂಪ್ಯೂಟರ್ ಜೊತೆಗೆ ಹೊಸ ವಿಧಾನವೂ ಬಂದ ಮೇಲೆ. 2²⁴ ಅನ್ನು ಘಾತವಾಗಿ ಇಟ್ಕೊಂಡ ಫರ್ಮಾ ಸಂಖ್ಯೆಗೆ ಐವತ್ತು ಲಕ್ಷಕ್ಕೂ ಹೆಚ್ಚು ಅಂಕಿ. ಅದು ಅವಿಭಾಜ್ಯ ಅಲ್ಲ ಅಂತ ಖಚಿತವಾಗಿ ಗೊತ್ತು, ಆದರೆ ಅದನ್ನು ಭಾಗಿಸೋ ಒಂದು ಸಂಖ್ಯೆಯೂ ಇವತ್ತಿನವರೆಗೆ ಸಿಕ್ಕಿಲ್ಲ! ಭಾಗಿಸಿ ನೋಡೋದರಿಂದ ಇಂಥ ತಿಳಿವಳಿಕೆ ಬರಲ್ಲ, ಕಾರಣದಿಂದ ಮಾತ್ರ ಬರುತ್ತೆ. ಅಂದ ಹಾಗೆ, ಮೊದಲ ಐದನ್ನು ಬಿಟ್ಟರೆ ಇನ್ನೊಂದು ಫರ್ಮಾ ಅವಿಭಾಜ್ಯ ಈವರೆಗೂ ಯಾರಿಗೂ ಸಿಕ್ಕಿಲ್ಲ. 'ಎಲ್ಲವೂ ಅವಿಭಾಜ್ಯ' ಅಂದವನ ಪಟ್ಟಿಯಲ್ಲಿ, ಇದುವರೆಗೆ ಗೊತ್ತಿರೋ ಅವಿಭಾಜ್ಯಗಳು ಆ ಮೊದಲ ಐದೇ.

ಇದರಿಂದ ಫರ್ಮಾ ಸಂಖ್ಯೆಗಳು ಬರೀ ಆಟದ ಸಾಮಾನು ಅಂದ್ಕೊಬೇಡಿ. ಬ್ರೌಸರ್‌ನಲ್ಲಿ ಯಾವುದಾದರೂ ವೆಬ್‌ಸೈಟ್‌ನ ಸರ್ಟಿಫಿಕೇಟ್ ತೆರೆದು ನೋಡಿ. ಅದರ ಕೀಲಿ ಆರ್‌ಎಸ್‌ಎ ಆಗಿದ್ದರೆ, ಎಕ್ಸ್‌ಪೊನೆಂಟ್ ಜಾಗದಲ್ಲಿ ಹೆಚ್ಚಾಗಿ ಕಾಣೋದು 65537. ಬೈನರಿಯಲ್ಲಿ ಅದು ಎರಡು ತುದಿಯಲ್ಲಿ 1, ನಡುವೆ ಹದಿನೈದು ಸೊನ್ನೆ. ಹದಿನಾರು ಸಲ ವರ್ಗ ಮಾಡಿ, ಒಂದು ಸಲ ಗುಣಿಸಿದರೆ ಕೆಲಸ ಆಯ್ತು, ಅದಕ್ಕೇ ಅದನ್ನು ಆರಿಸಿದ್ದು.

ಇನ್ನು 'ಇದುವರೆಗೆ ಸರಿ ಇತ್ತಲ್ಲ' ಅನ್ನೋ ನಂಬಿಕೆಗೆ ಎಷ್ಟು ಬೆಲೆ ಕಟ್ಟಬೇಕಾಗುತ್ತೆ ಅನ್ನೋದಕ್ಕೆ ಗಣಿತದ ಹೊರಗೂ ಉದಾಹರಣೆ ಇದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಸಲ ಹಾರಿತು, ಸುಮಾರು 40 ಸೆಕೆಂಡಿನಲ್ಲಿ ಚೂರಾಯ್ತು. ದಿಕ್ಕು ಅಳೆಯುವ ಸಾಫ್ಟ್‌ವೇರ್‌ನ ಒಂದು ಭಾಗವನ್ನು ಹಿಂದಿನ ಏರಿಯಾನ್ 4ರಿಂದ ಹಾಗೇ ತಗೊಂಡಿದ್ದರು. ಅದು 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ತುಂಬಿಸ್ತಿತ್ತು. ಹಳೆ ರಾಕೆಟ್‌ನಲ್ಲಿ ಆ ಸಂಖ್ಯೆ ಯಾವತ್ತೂ ಮಿತಿ ದಾಟಿರಲಿಲ್ಲ. ಹೊಸದರ ಅಡ್ಡವೇಗ ಜಾಸ್ತಿ, ದಾಟಿತು. ನನ್ನ ಲ್ಯಾಬ್ ಪ್ರೋಗ್ರಾಮ್‌ನಲ್ಲಿ ಆದದ್ದಕ್ಕೂ ಇದಕ್ಕೂ ಜಾತಿ ಒಂದೇ. ನನಗೆ ಹತ್ತು ಮಾರ್ಕ್ಸ್ ಸಿಕ್ತು, ಅವರ ರಾಕೆಟ್ ಹೋಯ್ತು.

ಟೆಸ್ಟ್ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ಟೆಸ್ಟ್ ತಪ್ಪನ್ನು ಹಿಡಿಯುತ್ತೆ. ಆದರೆ ತಪ್ಪು ಸಿಗಲಿಲ್ಲ ಅಂದ್ರೆ ಸರಿ ಇದೆ ಅಂತ ಅರ್ಥ ಅಲ್ಲ. ಈಗಂತೂ ಕೋಡ್ ಬರ್ಕೊಡೋಕೆ ಎಐ ಇದೆ. ಔಟ್‌ಪುಟ್ ತರಿಸೋದು ಇನ್ನು ಮುಂದೆ ನಮ್ಮ ಹೆಚ್ಚುಗಾರಿಕೆ ಆಗಿ ಉಳಿಯಲ್ಲ. ಬಂದ ಔಟ್‌ಪುಟ್ ಯಾಕೆ ಸರಿ, ಎಲ್ಲಿ ಮುರಿಯುತ್ತೆ ಅಂತ ಹೇಳಬಲ್ಲವನಿಗೇ ಬೆಲೆ.

ಹಾಗಾಗಿ ನನ್ನದು ಎರಡು ಸಣ್ಣ ಸಲಹೆ. ಒಂದು, ಲ್ಯಾಬ್‌ನಲ್ಲಿ ಔಟ್‌ಪುಟ್ ತೋರಿಸುವಾಗ, 'ನನ್ನ ಪ್ರೋಗ್ರಾಮ್ ಈ ಇನ್‌ಪುಟ್‌ಗೆ ಕೆಲಸ ಮಾಡಲ್ಲ, ಕಾರಣ ಇದು' ಅಂತ ಒಂದು ಉದಾಹರಣೆಯನ್ನೂ ಬರೆಯೋಣ. ಯಾರೂ ಕೇಳದಿದ್ದರೂ ಬರೆಯೋಣ. ವೈವಾದಲ್ಲಿ ಆ ಒಂದು ಸಾಲಿನ ಬಗ್ಗೆ ಪ್ರಶ್ನೆ ಬಂದರೆ, ಬಾಯಿಪಾಠ ಮಾಡಿದ ಹತ್ತು ಉತ್ತರಕ್ಕಿಂತ ಹೆಚ್ಚು ಕಲೀತೀವಿ.

ಎರಡನೇದು ನಮ್ಮ ಸಂಘಕ್ಕೆ. ತಿಂಗಳಿಗೊಂದು ಸಂಜೆ, ಒಂದು ಬೋರ್ಡ್, ಒಂದು ಸಾಧನೆ, ಕನ್ನಡದಲ್ಲಿ. ನಾನು ಇಂಗ್ಲಿಷಿನಲ್ಲಿ 'ಮಾಡ್ಯುಲೋ' ಅಂತ ಎರಡು ಸೆಮಿಸ್ಟರ್ ಕೇಳಿದ್ದೆ, ಶೇಕಡಾ ಚಿಹ್ನೆ ಹಾಕಿ ಕೋಡೂ ಬರೆದಿದ್ದೆ. ಅದು ಐದನೇ ಕ್ಲಾಸಿನ 'ಶೇಷ'ವೇ ಅಂತ ನಿಜವಾಗಿ ಹೊಳೆದದ್ದು ಅವತ್ತು ರಾತ್ರಿ, ರೂಮ್‌ಮೇಟ್ ಧಾರವಾಡದ ಮಾತಿನಲ್ಲಿ ಬಿಡಿಸಿ ಹೇಳಿದಾಗ. ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಸುಮ್ಮನೆ ಕೂರೋ ಕನ್ನಡ ಮೀಡಿಯಂ ಹುಡುಗ ಹುಡುಗಿಯರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗೆ ಗಣಿತ ಬರಲ್ಲ ಅಂತಲ್ಲ, ಮಾತಿನ ಗೋಡೆ ಅಡ್ಡ ಬಂದಿದೆ. ಒಂದು ವಿಷಯವನ್ನು ನಮ್ಮ ಮಾತಿನಲ್ಲಿ ಇನ್ನೊಬ್ಬರಿಗೆ ಹೇಳೋಕೆ ಹೊರಟಾಗ ನಮಗೇ ಗೊತ್ತಾಗುತ್ತೆ, ನಮಗೆ ಅರ್ಥ ಆಗಿದೆಯೋ ಬರೀ ಔಟ್‌ಪುಟ್ ಬಂದಿದೆಯೋ ಅಂತ. ಮೊದಲ ಸಂಜೆಗೆ 641ನ್ನು ಬೋರ್ಡ್ ಮೇಲೆ ಬಿಡಿಸೋಕೆ ನಾನು ತಯಾರು. ರೂಮ್‌ಮೇಟ್ ಮುಂದಿನ ಸಾಲಿನಲ್ಲಿ ಕೂತು ನಗದಿದ್ದರೆ ಸಾಕು.

ಆ ರೆಕಾರ್ಡ್ ಇನ್ನೂ ನನ್ನ ಹತ್ತಿರ ಇದೆ. ಕೆಂಪು ಪೆನ್ನಿನ ಹತ್ತಕ್ಕೆ ಹತ್ತು ಹಾಗೇ ಇದೆ. ಅದರ ಪಕ್ಕ ಪೆನ್ಸಿಲ್‌ನಲ್ಲಿ ನಾನೇ ಬರ್ಕೊಂಡಿದ್ದೀನಿ: 641 × 6700417.